ಗೌರವದ ಜಾಗದ ಚಳಿ

ಉಮ್ಸಿನ್ ಅಪಾಳ ಮನೆಯ ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಒಂದು ಮೊಳೆ, ಆ ಮೊಳೆಯಲ್ಲಿ ಒಂದು ಹಳೆಯ ತುಪ್ಪಳದ ಕೋಟು. ದೊಡ್ಡ ಕೋಣೆಗೆ ಹೋಗುವವರು ಅದನ್ನು ಹಾಕಿಕೊಳ್ಳಬೇಕು, ಚಿಕ್ಕ ಕೋಣೆಗೆ ಬರುವವರು ಬಿಚ್ಚಿ ನೇತುಹಾಕಬೇಕು. ಟೀವಿ ಇದ್ದದ್ದು ದೊಡ್ಡ ಕೋಣೆಯಲ್ಲಿ. ಧಾರಾವಾಹಿ ನೋಡುತ್ತ ಕೂತರೆ ಅಪಾಳ ಬಾಯಿಂದ ಹಬೆ ಬರುತ್ತಿತ್ತು. ಜಾಹೀರಾತು ಶುರುವಾದ ಕೂಡಲೇ ಎದ್ದು ಚಿಕ್ಕ ಕೋಣೆಗೆ ಓಡಿ, ಕೋಟು ಕಿತ್ತು ಮೊಳೆಗೆ ಹಾಕಿ, ಅಲ್ಲಿನ ಸೆಕೆ ತಡೆಯಲಾರದೆ ಕಿಟಕಿಯ ಮೂಲೆಯ ಪುಟ್ಟ ಕಂಡಿ ತೆರೆದು ಮೂಗು ಹೊರಗಿಡುತ್ತಿದ್ದಳು. ಒಂದು ಕೋಣೆಯಲ್ಲಿ ಹಿಟ್ಟು ಗಳಿಗೆಯಲ್ಲಿ ಹುಳಿಬಂದು ಉಕ್ಕುತ್ತಿತ್ತು, ಇನ್ನೊಂದರಲ್ಲಿ ಸೋಫಾದ ಹಿಂದೆ ಇಟ್ಟ ಮಾಂಸ ವಾರಗಟ್ಟಲೆ ಕೆಡುತ್ತಿರಲಿಲ್ಲ. ಬಂದವರ ಮುಂದೆ ಅಪಾ, "ನಂದು ಒಂದೇ ಮನೇಲಿ ಎರಡು ಊರು. ಇಲ್ಲಿಂದ ಅಲ್ಲಿಗೆ ಹೋಗೋಕೆ ರೈಲು ಒಂದಿಲ್ಲ ಅಷ್ಟೆ," ಎಂದು ಬಡಾಯಿ ಕೊಚ್ಚಿಕೊಳ್ಳುತ್ತಿದ್ದಳು.

ನಾನು ಅವಳ ಎದುರುಮನೆಯವಳು, ಬಟ್ಟೆ ಹೊಲಿಯುವ ಕುರಲಾಯ್. ನಮ್ಮಲ್ಲಿ ಅಕ್ಕನಿಗೆ ಅಪಾ ಅನ್ನುತ್ತೇವೆ. ನನ್ನ ಮನೆಗೆ ಬಿಸಿನೀರು ಇಳಿಯುವ ಕೊಳವೆ ಬೇರೆ, ಹಾಗಾಗಿ ನನಗೆ ಇಂಥ ಭೋಗವಿಲ್ಲ. ಈ ಕಥೆಯಲ್ಲಿ ನನ್ನ ಪಾಲು ಸ್ವಲ್ಪವೇ, ಆದರೆ ಅದನ್ನು ಬಿಟ್ಟುಕೊಡುವವಳು ನಾನಲ್ಲ.

ನಮ್ಮದು ಉಕ್ಕಿನ ಕಾರ್ಖಾನೆಯ ಊರು. ಸುತ್ತ ಬಯಲು, ಬೇಸಿಗೆಯಲ್ಲಿ ಹುಲ್ಲು, ಚಳಿಗಾಲದಲ್ಲಿ ಬರೀ ಬಿಳಿ. ಅಪಾ ಮದುವೆಗೆ ಮುಂಚೆ ಕಾರ್ಖಾನೆಯ ಕ್ರೇನು ಹತ್ತಿದವಳು, ಪಿಂಚಣಿ ಬಂದ ಮೇಲೆಯೇ ಇಳಿದದ್ದು. ಸೂರಿನಡಿಯ ಗಾಜಿನ ಗೂಡಿನಲ್ಲಿ ಕೂತು, ಕರಗಿದ ಕಬ್ಬಿಣದ ಕೊಪ್ಪರಿಗೆಗಳನ್ನು ಎತ್ತಿ ಇಳಿಸುವುದು ಅವಳ ಕೆಲಸ. ಹೊಸದರಲ್ಲಿ ಒಬ್ಬ ಮೇಸ್ತ್ರಿ, ಹೆಂಗಸಿಗೆ ಕ್ರೇನು ಯಾಕೆ, ಸೌಟು ಸಾಲದೆ ಎಂದು ಗೇಲಿ ಮಾಡಿದನಂತೆ. ಊಟದ ಬಿಡುವಿನಲ್ಲಿ ಅಪಾ ಅವನ ಮೋಟಾರ್‌ಸೈಕಲ್ಲನ್ನು ಕೊಕ್ಕೆಗೆ ಸಿಕ್ಕಿಸಿ ಸೂರಿನ ತನಕ ಎತ್ತಿ, ಅವನು ಕೆಳಗೆ ನಿಂತು ಕೈಮುಗಿಯುವ ತನಕ ಅಲ್ಲೇ ತೂಗಾಡಿಸಿದಳು. ಈಗಲೂ ಕೇಳಿದರೆ, "ನೆಲದ ಮೇಲಿದ್ರೆ ಯಾರಾದ್ರೂ ಕದೀತಾರೆ ಅಂತ ಎತ್ತಿಟ್ಟೆ. ಉಪಕಾರ ಮಾಡಿದ್ದು ಕಣೇ," ಅನ್ನುತ್ತಾಳೆ. ಅವಳು ಜಗಳವಾಡುವುದೇ ಹೀಗೆ. ಕೂಗುವುದಿಲ್ಲ, ಮರ್ಯಾದೆಯಿಂದ ಎತ್ತಿ ಮೇಲಿಡುತ್ತಾಳೆ.

ಅಷ್ಟು ಎತ್ತರದಲ್ಲಿ ಬಾಳಿದವಳಿಗೆ ಮನೆ ಸಿಕ್ಕಿದ್ದು ಐದು ಅಂತಸ್ತಿನ ಕಟ್ಟಡದ ತಳದಲ್ಲಿ. ನಮ್ಮ ಕಟ್ಟಡಗಳಿಗೆ ಬಿಸಿನೀರು ಮೊದಲು ಸೂರಿಗೆ ಏರುತ್ತದೆ. ಅಲ್ಲಿಂದ ಕೊಳವೆಯಲ್ಲಿ ಇಳಿಯುತ್ತ ಐದನೆಯ ಅಂತಸ್ತಿನ ರೇಡಿಯೇಟರ್, ನಾಲ್ಕನೆಯದು, ಮೂರನೆಯದು, ಹೀಗೆ ಒಂದೊಂದೇ ಮನೆಯನ್ನು ಕಾಯಿಸಿ ಕೊನೆಗೆ ತಳಕ್ಕೆ ಬರುತ್ತದೆ. ಅಪಾಳ ಚಿಕ್ಕ ಕೋಣೆಗೆ ಒಂದು ಕೊಳವೆ, ದೊಡ್ಡ ಕೋಣೆಗೆ ಇನ್ನೊಂದು. ಎಷ್ಟೋ ವರ್ಷ ಎರಡೂ ಕೋಣೆ ಒಂದೇ ಹದದಲ್ಲಿ ಬೆಚ್ಚಗಿದ್ದವು. ಐದನೆಯ ಅಂತಸ್ತಿನ ಕಬ್ದೇಶ್ ಅಗಾ ತಮ್ಮ ಎಪ್ಪತ್ತರ ಹಬ್ಬಕ್ಕೆಂದು ಮನೆಗೆ ಹೊಸ ರೂಪ ಕೊಡಿಸಿದ ಮೇಲೆ ದೊಡ್ಡ ಕೋಣೆ ತಣ್ಣಗಾಯಿತು.

ಅಗಾ ಅಂದರೆ ಅಣ್ಣ, ಕಬ್ದೇಶ್ ಅಗಾ ನಮ್ಮ ಮೆಟ್ಟಿಲು ಹತ್ತಿಳಿಯುವ ಮನೆಗಳಿಗೆಲ್ಲ ಹಿರಿಯರು. ನಮ್ಮೂರಿನ ಮದುವೆ, ಮುಂಜಿ, ಜನ್ಮದಿನ, ಯಾವುದೂ ಅವರ ಭಾಷಣವಿಲ್ಲದೆ ಶುರುವಾಗುವುದಿಲ್ಲ. ಶುರುವಾದ ಮೇಲೆ ಆ ಭಾಷಣ ಮುಗಿಯುವುದಿಲ್ಲ. ನನ್ನ ಮದುವೆಯಲ್ಲಿ ಅವರು ಮಾತು ನಿಲ್ಲಿಸುವಷ್ಟರಲ್ಲಿ ನನ್ನ ಗಂಡ ಕೂತಲ್ಲೇ ನಿದ್ದೆ ಹೋಗಿದ್ದ, ಆ ಸಿಟ್ಟು ನನಗೆ ಇನ್ನೂ ಆರಿಲ್ಲ. ಎರಡನೆಯ, ಮೂರನೆಯ ಅಂತಸ್ತಿನವರೂ ಚಳಿಯಲ್ಲಿ ಉಣ್ಣೆಯ ಕಾಲುಚೀಲ ಹಾಕಿಕೊಂಡು ಸುಮ್ಮನಿದ್ದರು. ಮಕ್ಕಳ ಮದುವೆಗೆ ನಾಳೆ ಅವರನ್ನೇ ಕರೆಯಬೇಕಲ್ಲ! ಅಪಾಳೂ ಎರಡು ಚಳಿಗಾಲ ಕೋಟು ಹಾಕಿ ಬಿಚ್ಚಿ ನಗುತ್ತಲೇ ಕಳೆದಳು. ಮೂರನೆಯ ಚಳಿಗಾಲದಲ್ಲಿ ಅವಳ ನಗು ನಿಂತಿತು.

ಅವಳಿಗಿರುವುದು ಒಬ್ಬನೇ ಮಗ, ರೈಲ್ವೆಯಲ್ಲಿರುವ ಆಸ್ಕತ್. ಅವನಿಗೆ ಆ ಡಿಸೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತಿ ತಾಯಿಯ ಮನೆಯಲ್ಲಿದ್ದಳು. ನಲವತ್ತನೆಯ ದಿನ ಮಗುವಿಗೆ ನಲವತ್ತು ಚಮಚ ನೀರೆರೆದು, ಅಂದಿನಿಂದ ಮಗ, ಸೊಸೆ, ಮಗು ಅಪಾಳ ದೊಡ್ಡ ಕೋಣೆಯಲ್ಲಿ ಇರುವುದೆಂದು ಮೊದಲೇ ಮಾತಾಗಿತ್ತು. ಅಪಾ ತನ್ನ ಅತ್ತೆ ಕೊಟ್ಟ ಮರದ ತೊಟ್ಟಿಲನ್ನು ಅಟ್ಟದಿಂದಿಳಿಸಿ ಎಣ್ಣೆ ಹಚ್ಚಿ ಹೊಳೆಯುವ ಹಾಗೆ ಮಾಡಿದ್ದಳು. ಅಷ್ಟರಲ್ಲಿ ಬೀಗಿತ್ತಿ ರೌಷಾನ್ ಮನೆ ನೋಡಲು ಬಂದರು.

ಬೀಗಿತ್ತಿ ಪಟ್ಟಣದವರು. ಅವರ ಮನೆಯಲ್ಲಿ ನೆಲವೇ ಬೆಚ್ಚಗಿರುತ್ತದಂತೆ, ಬರಿಗಾಲಲ್ಲಿ ಓಡಾಡುತ್ತಾರಂತೆ. ಬಂದವರು ಶಾಲು ತೆಗೆಯದೆ ದೊಡ್ಡ ಕೋಣೆಗೆ ಹೋಗಿ, ಜ್ವರ ನೋಡುವವರ ಹಾಗೆ ಹಿಂಗೈಯನ್ನು ರೇಡಿಯೇಟರಿಗೆ ಒತ್ತಿ, "ಅಯ್ಯೋ ಪಾಪ," ಅಂದರು. ಚಿಕ್ಕ ಕೋಣೆಗೆ ಬಂದು ಅಲ್ಲಿಯೂ ಕೈಯೊತ್ತಿ, "ಉಸ್ಸ್," ಎಂದು ಊದಿಕೊಂಡರು.

"ಬೀಗಿತ್ತಿ, ನೀವು ತಪ್ಪು ತಿಳೀಬೇಡಿ," ಅಂದರು ಸಕ್ಕರೆಯಂಥ ದನಿಯಲ್ಲಿ. "ಒಂದು ಕೋಣೆ ಒಲೆ, ಇನ್ನೊಂದು ಬಾವಿ. ಇಲ್ಲಿಂದ ಅಲ್ಲಿಗೆ ಎತ್ಕೊಂಡು ಓಡಾಡಿದ್ರೆ ಕೂಸಿಗೆ ವಾರದಲ್ಲಿ ಎದೆ ಕಟ್ಕೊಳುತ್ತೆ. ವಸಂತದ ಹಬ್ಬದ ತನಕ ನಮ್ಮಲ್ಲೇ ಇರ್ಲಿ. ನೀವು ಬಂದು ನೋಡ್ಕೊಂಡು ಹೋಗಿ, ಬೇಡ ಅಂತೀವಾ?"

"ನಮ್ಮನೆ ಕೂಸನ್ನ ನಾನು ಬಂದು ನೋಡ್ಕೊಂಡು ಹೋಗೋದಾ?" ಅಂದಳು ಅಪಾ.

"ಮನೆ ಬೆಚ್ಚಗಾದ್ರೆ ಸರಿ. ನಲವತ್ತರ ದಿನ ನಾನೇ ಕರ್ಕೊಂಡ್ ಬರ್ತೀನಿ, ಮತ್ತೆ ಕೈಯಿಟ್ಟು ನೋಡ್ತೀನಿ. ಹೀಗೇ ಇದ್ರೆ ಮಾತ್ರ ಕಟ್ಕೊಂಡ್ ವಾಪಸ್ ಹೋಗ್ತೀನಿ, ಹೇಳ್ಬಿಟ್ಟಿದೀನಿ."

ಬೀಗಿತ್ತಿಗೆ ಎದುರಾಡುವ ಹಾಗಿಲ್ಲ. ಅಪಾ ಕೆನೆ ಹಾಕಿ ಚಹಾ ಕೊಟ್ಟು, ರೇಷ್ಮೆಯ ಬಟ್ಟೆ ಮಡಿಸಿ ಕೈಗಿಟ್ಟು, ಬಸ್ಸಿನ ತನಕ ಕಳಿಸಿ ಬಂದಳು. ಬಂದು ತೊಟ್ಟಿಲ ಪಕ್ಕ ಕೂತು ಅತ್ತಳು. ಅವಳು ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಗಂಡ ಸತ್ತಾಗಲೂ ಕ್ರೇನಿನ ಗೂಡಿಗೆ ಹತ್ತಿ ಅಲ್ಲೇ ಏನು ಮಾಡಿಕೊಂಡಳೋ, ಕೆಳಗಿದ್ದ ನಮಗೆ ಕಾಣಿಸಲಿಲ್ಲ.

ಮಾರನೆಯ ದಿನ ಕೊಳವೆ ರಿಪೇರಿಯ ಗೆನ್ನಾದಿ ಬಂದ. ರೇಡಿಯೇಟರಿನ ಮೂತಿ ಬಿಚ್ಚಿ ಗಾಳಿ ಬಿಟ್ಟ, ಬಕೀಟಿಗೆ ಕಪ್ಪುನೀರು ಉಗುಳಿಸಿದ, ನೆಲಮಾಳಿಗೆಗಿಳಿದು ಬಂದು ಮೀಸೆ ಒರೆಸಿಕೊಂಡ.

"ಕೆಳಗೆಲ್ಲ ಸರಿಯಾಗಿದೆ ಅಪಾ. ತೊಂದರೆ ಇರೋದು ಮೇಲೆ. ಕಬ್ದೇಶ್ ಅಗಾ ಮನೇಲಿ ರೇಡಿಯೇಟರ್ ಪಕ್ಕದ ಅಡ್ಡ ಕೊಳವೆ ಇಲ್ಲ. ಅದಿದ್ದಿದ್ರೆ ಅವರು ವಾಲ್ವು ಮುಚ್ಚಿದ್ರೂ ನೀರು ಪಕ್ಕದಿಂದ ನುಸುಳಿ ಕೆಳಗೆ ಬರ್ತಿತ್ತು. ಈಗ ಅವರು ಮುಚ್ಚಿದ್ರೆ ಎಲ್ಲರಿಗೂ ಮುಚ್ಚಿದ ಹಾಗೆ."

"ಅಡ್ಡ ಕೊಳವೆ ಎಲ್ಲೋಯ್ತು?"

"ಕಿತ್ತಿದಾರೆ."

"ಅದನ್ನ ನೋಡಿದ ಹಾಗೇ ಹೇಳ್ತಿದೀಯಲ್ಲೋ?"

ಗೆನ್ನಾದಿ ಬಕೀಟಿನೊಳಗೆ ದಿಟ್ಟಿಸಿದ. "ಕಿತ್ತವನು ನಾನೇ. ಗೋಡೆಗೆ ಹೂವಿನ ಕಾಗದ ಅಂಟಿಸೋಕೆ ಅಡ್ಡ ಬರುತ್ತೆ, ಲಕ್ಷಣವಾಗಿ ಕಾಣಲ್ಲ ಅಂದ್ರು. ನನ್ನ ತಂಗಿ ಮದುವೆಗೆ ಪುಗಸಟ್ಟೆ ಭಾಷಣ ಮಾಡಿದ್ರು ನೋಡಿ, ದಾಕ್ಷಿಣ್ಯ."

"ಹಾಗಾದ್ರೆ ವಾಪಸ್ ಹಾಕು."

"ಕೊಳವೇಲಿರೋ ನೀರೆಲ್ಲ ಬಸೀಬೇಕು ಅಪಾ. ಈ ಚಳೀಲಿ ಬಸಿದ್ರೆ ಕೊಳವೆ ಹೆಪ್ಪುಗಟ್ಟಿ ಸೀಳುತ್ತೆ. ವಸಂತಕ್ಕೆ ಮುಂಚೆ ಆಗಲ್ಲ. ಅಲ್ಲಿವರೆಗೂ ಅವರು ವಾಲ್ವು ಪೂರ್ತಿ ತೆರೆದಿಡ್ಬೇಕು, ಅಷ್ಟೆ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಅಷ್ಟೇ ತಾನೇ ಎಂದು ಅಪಾ ನನ್ನನ್ನು ಎಳೆದುಕೊಂಡು ಮೆಟ್ಟಿಲೇರಿದಳು. ಕಬ್ದೇಶ್ ಅಗಾ ಬನೀನಿನಲ್ಲಿ ಕೂತು ಪತ್ರಿಕೆಯಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಸೂರಿನ ದಪ್ಪ ಕೊಳವೆ ಅವರ ತಲೆಯ ಮೇಲೇ ಹಾದುಹೋಗುತ್ತದೆ, ಆ ಮನೆ ಯಾವಾಗಲೂ ಹಬೆಯಾಡುವ ಸ್ನಾನದ ಮನೆಯ ಹಾಗೆ. ಅವರ ಹೆಂಡತಿ ಶಾರಿಪಾ ಚಹಾ ಸುರಿದರು, ಹಿಟ್ಟಿನ ಉಂಡೆ ಮಾಡಿ ಕರಿದ ಬೌರ್ಸಾಕುಗಳನ್ನು ಗುಡ್ಡೆ ಹಾಕಿದರು. ಒಂದು ಮನೆಯ ರೊಟ್ಟಿ ಮುರಿದು ಬಾಯಿಗಿಟ್ಟ ಮೇಲೆ ಅದೇ ಮನೆಯಲ್ಲಿ ದನಿ ಏರಿಸುವುದು ನಮ್ಮಲ್ಲಿ ಇಲ್ಲ. ಅಗಾ ಇದನ್ನು ಚೆನ್ನಾಗಿ ಬಲ್ಲವರಾದ್ದರಿಂದ ಬಾಗಿಲಲ್ಲೇ ಒಂದು ಬೌರ್ಸಾಕು ತಿನ್ನಿಸಿಬಿಟ್ಟಿದ್ದರು.

"ಅಗಾ, ನಮ್ಮ ದೊಡ್ಡ ಕೋಣೆ ಹೆಪ್ಪುಗಟ್ಟಿದೆ," ಅಂದಳು ಅಪಾ ಆದಷ್ಟು ಮೆಲ್ಲಗೆ.

"ಗೊತ್ತಮ್ಮಾ ಉಮ್ಸಿನ್, ಗೊತ್ತು. ನಂಗೂ ಅದೇ ಕೊರಗು. ಅದಕ್ಕೇ ನೋಡು, ಎರಡು ಚಳಿಗಾಲದಿಂದ ವಾಲ್ವು ಅರ್ಧ ಮುಚ್ಚೇ ಇಟ್ಟಿದೀನಿ. ನೀನು ಹೋದ ತಿಂಗಳು ಅಂಗಳದಲ್ಲಿ ಚಳಿ ಅಂದ ದಿನಾನೇ ಇನ್ನೊಂದು ಸುತ್ತು ಮುಚ್ಚಿದೆ. ನಿನ್ನೆ ಇನ್ನರ್ಧ ಸುತ್ತು ಮುಚ್ಚಿದೆ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. "ಮುಚ್ಚಿದ್ದು ಯಾಕೆ ಅಗಾ?"

"ನಿಮಗೋಸ್ಕರ ಕಣಮ್ಮಾ! ಒಂದೇ ತಟ್ಟೇಲಿ ಐದು ಜನ ಕೂತಾಗ ಹಿರಿಯನಾದವನು ಎರಡು ತುತ್ತು ಕಡಿಮೆ ತಿಂದ್ರೆ ಉಳಿದೋರಿಗೆ ಹೆಚ್ಚು ಸಿಗುತ್ತಾ ಇಲ್ವಾ? ನಾನು ಬಿಸಿ ಕಡಿಮೆ ತಗೋತೀನಿ, ನಿಮಗೆ ಜಾಸ್ತಿ ಇಳಿಯುತ್ತೆ. ಇನ್ನೂ ಸಾಲ್ದು ಅಂದ್ರೆ ಇನ್ನರ್ಧ ಸುತ್ತು ಮುಚ್ತೀನಿ. ಶಾರಿಪಾಗೆ ಸ್ವಲ್ಪ ಚಳಿಯಾದೀತು, ಆಗ್ಲಿ."

"ಬೇಡ ಬೇಡ!" ಅಂದಳು ಅಪಾ. "ಅಗಾ, ಅದು ತಟ್ಟೆ ಅಲ್ಲ, ಬಾಗಿಲು. ನೀವು ಮುಚ್ಚಿದ್ರೆ ನಾವು ಯಾರೂ ಒಳಗೆ ಬರೋಕಾಗಲ್ಲ."

"ಬಾಗಿಲು ತೆರೆದಿದ್ರೆ ಬಿಸಿ ಹೊರಗೆ ಹೋಗುತ್ತಲ್ಲಮ್ಮಾ," ಎಂದು ಅಗಾ ಪ್ರೀತಿಯಿಂದ ನಕ್ಕರು. ಆಮೇಲೆ ನೆರೆಹೊರೆಯ ಬಾಳ್ವೆಯ ಬಗ್ಗೆ ಮಾತು ಶುರು ಮಾಡಿದರು. ನಾನು ಐದು ಬೌರ್ಸಾಕು ತಿಂದೆ, ಅಪಾ ಮೂರು, ಮಾತು ಮುಗಿಯಲಿಲ್ಲ. ಕೊನೆಗೆ ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಸುಳ್ಳು ಹೇಳಿ ಎದ್ದೆವು.

ಮೂರನೆಯ ಅಂತಸ್ತಿನ ಮೆಟ್ಟಿಲ ಮೇಲೆ ಅಪಾ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. "ಈ ಮನುಷ್ಯ ಕೆಟ್ಟವನಾಗಿದ್ದಿದ್ರೆ ಎಷ್ಟು ಚೆನ್ನಾಗಿತ್ತು ಕಣೇ ಕುರಲಾಯ್. ಬೈದು ಮುಗಿಸಬಹುದಿತ್ತು. ನಾನು ಚಳಿ ಅಂದಷ್ಟೂ ಒಳ್ಳೇತನ ಉಕ್ಕಿ ಇನ್ನೊಂದು ಸುತ್ತು ಮುಚ್ತಾನೆ!"

"ಇನ್ನೊಂದ್ಸಲ ಬಿಡಿಸಿ ಹೇಳೋಣ ಅಪಾ."

"ಅವನಿಗೆ ಮಾತಲ್ಲಿ ಹೇಳೋದಾ? ಮಾತು ಅವನ ಕಸುಬು. ಅವನನ್ನ ಕೂರಿಸ್ಬೇಕು." ಅವಳ ಕಣ್ಣಲ್ಲಿ ಆ ಮೋಟಾರ್‌ಸೈಕಲ್ಲಿನ ಹೊಳಪು ಕಂಡಿತು.

ಆ ವಾರವೇ ಆಸ್ಕತ್ ಹಳ್ಳಿಯಿಂದ ಚಳಿಗಾಲದ ಕುದುರೆ ಮಾಂಸ ತಂದ. ಮಾಂಸ ಬಂದ ಮನೆಯವರು ಮೊದಲ ಹಂಡೆಗೆ ಅಕ್ಕಪಕ್ಕದವರನ್ನು ಕರೆಯಲೇಬೇಕು. ಕರೆಯದಿದ್ದರೆ ಮುಂದಿನ ಚಳಿಗಾಲದ ತನಕ ಆಡಿಕೊಳ್ಳುತ್ತಾರೆ. ಅಪಾ ನಮ್ಮ ಮೆಟ್ಟಿಲಿನ ಎಲ್ಲರನ್ನೂ ಕರೆದಳು. ಊಟ ಎಲ್ಲಿ? ದೊಡ್ಡ ಕೋಣೆಯಲ್ಲಿ. ಬಾಗಿಲಿನಿಂದ ಅತಿ ದೂರದ, ಕಿಟಕಿಯ ಕೆಳಗಿನ ಜಾಗಕ್ಕೆ ನಾವು ತೋರ್ ಅನ್ನುತ್ತೇವೆ. ಅದು ಮನೆಯಲ್ಲೇ ಅತಿ ಗೌರವದ ಜಾಗ, ಬಂದವರಲ್ಲಿ ಎಲ್ಲರಿಗಿಂತ ಹಿರಿಯರಿಗೆ. ಅಲ್ಲಿ ಕೂತವರು ಮಾಂಸ ಹಂಚಿ, ಕೊನೆಗೆ ಮನೆಯನ್ನು ಹರಸಿ ಅಂಗೈಗಳನ್ನು ಮುಖಕ್ಕೆ ಸವರಿಕೊಳ್ಳುವವರೆಗೆ ಏಳುವ ಹಾಗಿಲ್ಲ. ಏನೇ ಆದರೂ.

ಅಪಾ ಅಗಾರನ್ನು ಬಿಟ್ಟು ಎಲ್ಲರ ಕಿವಿಯಲ್ಲೂ ಒಂದು ಮಾತು ಹಾಕಿದ್ದಳು. ಹಾಗಾಗಿ ಜನ ಎರಡೆರಡು ಸ್ವೆಟರ್ ತೊಟ್ಟು, ಗೊಂಬೆಗಳ ಹಾಗೆ ಊದಿಕೊಂಡು ಬಂದರು. ಉಳಿದವರಿಗೆಲ್ಲ ಹತ್ತಿಯ ದಪ್ಪ ಹಾಸು, ತೋರ್‌ಗೆ ಮಾತ್ರ ಕಸೂತಿಯ ತೆಳು ರೇಷ್ಮೆಯದು, ಏಕೆಂದರೆ ಅದು ಚಂದ. ಕಿಟಕಿಯ ಚಿಲಕವನ್ನು ನಾನಂತೂ ಮುಟ್ಟಲಿಲ್ಲ. ಅಪಾ ಮುಟ್ಟಿದಳೋ ಇಲ್ಲವೋ, ಆಗ ನಾನು ಬೇಕೆಂದೇ ಬೆನ್ನು ತಿರುಗಿಸಿದ್ದೆ.

ಕಬ್ದೇಶ್ ಅಗಾ ಸ್ನಾನದ ಮನೆಯಂಥ ತಮ್ಮ ಸೆಕೆಯಿಂದ ತೆಳ್ಳನೆಯ ಬಿಳಿ ಅಂಗಿ, ಚಿನ್ನದ ದಾರದ ತೋಳಿಲ್ಲದ ಜಾಕೀಟು ತೊಟ್ಟು ಇಳಿದರು. "ಮೇಲಕ್ಕೆ ಅಗಾ, ಮೇಲಕ್ಕೆ," ಎಂದು ನಾವೆಲ್ಲ ಕೂಗಿದೆವು. ಅವರು ನಾಚಿದ ಹಾಗೆ ಮಾಡಿ ನೇರವಾಗಿ ತೋರ್‌ಗೆ ಹೋಗಿ ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತರು. ಶಾರಿಪಾ ಹೆಂಗಸರ ಜೊತೆ ಬಾಗಿಲ ಬಳಿ, ಚಿಕ್ಕ ಕೋಣೆಯ ಕಾವಿನಲ್ಲಿ ಕೂತರು.

ಮಾಂಸ ಬರುವುದು ತಡವಾಯಿತು. ತಡವಾಗುವ ಹಾಗೆ ನಾನೇ ಒಲೆ ಸಣ್ಣ ಮಾಡಿದ್ದೆ. ಅಗಾ ಅತಿಥಿಸತ್ಕಾರದ ಬಗ್ಗೆ ಮಾತು ತೆಗೆದರು. ಸ್ವಲ್ಪ ಹೊತ್ತಿನಲ್ಲೇ ಅವರ ಮಾತಿನ ನಡುನಡುವೆ ಹಲ್ಲು ಕಟಕಟ ಅನ್ನತೊಡಗಿತು. ಎರಡು ಕೈಯನ್ನೂ ಕಂಕುಳಿಗೆ ಸೇರಿಸಿಕೊಂಡರು.

"ಹಿಂದಿನ ಕಾಲದಲ್ಲಿ," ಅಂದರು ಕೊನೆಗೆ, "ತೋರ್‌ನಲ್ಲಿ ಕೂತ ಹಿರಿಯರಿಗೆ ನಿಲುವಂಗಿ ಹೊದಿಸೋ ಪದ್ಧತಿ ಇತ್ತು. ಹತ್ತಿ ತುಂಬಿದ ನಿಲುವಂಗಿ."

"ನಾವೂ ಹೊದಿಸ್ತೀವಿ ಅಗಾ, ಮರೆಯೋದುಂಟಾ?" ಅಂದಳು ಅಪಾ. "ಎಲ್ಲಾ ಅದರದರ ಹೊತ್ತಿಗೆ."

ಅಗಲ ತಟ್ಟೆಯಲ್ಲಿ ಹಿಟ್ಟಿನ ಹಾಳೆಗಳ ಮೇಲೆ ಮಾಂಸ ಬಂತು, ಬಟ್ಟಲುಗಳಲ್ಲಿ ಸಾರು ಬಂತು. ಬಾಗಿಲ ಬಳಿ ಕೂತವರ ಸಾರಿನಲ್ಲಿ ಹಬೆಯಾಡುತ್ತಿತ್ತು. ಅಗಾ ಮಾಂಸ ಕೊಯ್ದು ಹಂಚಿ ತಮ್ಮ ಬಟ್ಟಲಿಗೆ ಕೈಹಾಕುವಷ್ಟರಲ್ಲಿ ಅದರ ಮೇಲೆ ಕೊಬ್ಬು ಬಿಳಿಯ ಪದರವಾಗಿ ಕಟ್ಟಿತ್ತು. ಅವರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

"ಉಮ್ಸಿನ್, ಇದೇನಮ್ಮಾ, ನಿಮ್ಮನೇಲಿ ದಿನಾ ಹೀಗೇನಾ?"

"ಇಲ್ಲ ಅಗಾ. ಇವತ್ತು ಬೆಚ್ಚಗಿದೆ. ಇಷ್ಟು ಜನ ಉಸಿರಾಡ್ತಿದಾರಲ್ಲ."

ಅಗಾರ ಮುಖ ಬಾಡಿತು. ಅದನ್ನು ಹೇಳದಿದ್ದರೆ ನಾನು ಮೋಸಗಾತಿಯಾಗುತ್ತೇನೆ. ಆ ಮುದುಕರಿಗೆ ನಿಜವಾಗಿಯೂ ನೋವಾಗಿತ್ತು. "ಶಾರಿಪಾ!" ಎಂದು ಕೂಗಿದರು. "ಈಗ್ಲೇ ಮೇಲೆ ಹೋಗು. ವಾಲ್ವು ಪೂರ್ತಿ ಮುಚ್ಚಿ ಬಾ. ನಮಗೆ ಒಂದು ಹನಿ ಬಿಸೀನೂ ಬೇಡ, ಎಲ್ಲಾ ಇವರಿಗೇ ಬರ್ಲಿ!"

ಕೋಣೆಯಲ್ಲಿ ಎಲ್ಲರೂ ಬಾಯಿ ತೆರೆದರು, ಅಪಾ ಕಣ್ಣಲ್ಲೇ ಮುಚ್ಚಿಸಿದಳು. "ಹೋಗ್ಬನ್ನಿ ಅಕ್ಕಾ, ಹೇಳಿದ ಹಾಗೇ ಮಾಡಿ," ಅಂದಳು. ಶಾರಿಪಾ ಮಂಡಿ ಹಿಡಿದುಕೊಂಡು, ಗಂಡನ ವಂಶವನ್ನೆಲ್ಲ ಬೈಯುತ್ತ ಹತ್ತಿ, ಮುಚ್ಚಿ ಇಳಿದರು. ಅವರು ಬಂದು ಕೂತು ಒಂದು ಬಟ್ಟಲು ಚಹಾ ಮುಗಿಸುವಷ್ಟರಲ್ಲಿ, ಅಲ್ಲಿಯವರೆಗೆ ಉಗುರುಬೆಚ್ಚಗಾದರೂ ಇದ್ದ ರೇಡಿಯೇಟರ್ ಅಗಾರ ಬೆನ್ನಿಗೆ ಕಲ್ಲಿನ ಹಾಗೆ ತಣ್ಣಗೆ ತಾಗತೊಡಗಿತು. ಅವರು ತಿರುಗಿ ಕೈಯಿಟ್ಟು ನೋಡಿದರು. ಇನ್ನೊಂದು ಕೈಯನ್ನೂ ಇಟ್ಟರು.

"ನೀನು ಸರಿಯಾಗಿ ಮುಚ್ಚಿಲ್ಲ."

"ಇನ್ನೊಂದು ಎಳೆ ತಿರುಗಿಸಿದ್ರೆ ಕಿತ್ತು ಕೈಗೆ ಬರುತ್ತೆ, ಅಷ್ಟು ಮುಚ್ಚಿದೀನಿ," ಅಂದರು ಶಾರಿಪಾ.

"ಮತ್ತೆ ಇದು..." ಅಗಾರ ಮಾತು ಅಲ್ಲಿ ನಿಂತಿತು. ಅವರ ಮಾತು ತಾನಾಗಿ ನಿಂತದ್ದನ್ನು ಕಂಡು ನಾವೆಲ್ಲ ತಟ್ಟೆಯಿಂದ ಕೈ ತೆಗೆದೆವು.

ಅಪಾ ಮೊಣಕಾಲೂರಿ ಅವರ ಹತ್ತಿರಕ್ಕೆ ಸರಿದಳು. ಈಗ ಅವಳ ದನಿಯಲ್ಲಿ ಚೇಷ್ಟೆ ಇರಲಿಲ್ಲ. "ಅಗಾ, ನೀವು ನಮಗೋಸ್ಕರ ಎರಡು ಚಳಿಗಾಲ ತ್ಯಾಗ ಮಾಡಿದ್ರಿ. ಸಾಕು. ನಲವತ್ತು ತುಂಬಿದ ದಿನ ನನ್ನ ಮೊಮ್ಮಗಳು ಈ ಕೋಣೆಗೆ ಬರ್ಬೇಕು. ಬೀಗಿತ್ತಿ ನೀವು ಕೈಯಿಟ್ಟ ಜಾಗದಲ್ಲೇ ಕೈಯಿಟ್ಟು ನೋಡ್ತಾಳೆ. ಹೀಗೇ ತಣ್ಣಗಿದ್ರೆ ಕೂಸನ್ನ ಕರ್ಕೊಂಡು ಹೋಗಿಬಿಡ್ತಾಳೆ. ನಂಗೆ ಅದನ್ನ ತಡ್ಕೊಳೋಕಾಗಲ್ಲ ಅಗಾ. ಇವತ್ತೊಂದು ದಿನ ನೀವು ಸ್ವಾರ್ಥಿ ಆಗಿ. ವಾಲ್ವು ಪೂರ್ತಿ ತೆರೆದು ಎಲ್ಲಾ ಬಿಸಿ ನೀವೇ ತಗೊಳ್ಳಿ. ನಮಗೇನು ಉಳಿಯುತ್ತೋ ನೋಡೋಣ."

ಅಗಾ ರೇಡಿಯೇಟರನ್ನೂ ಅವಳನ್ನೂ ನೋಡಿದರು. "ತೆರೀರಿ," ಅಂದರು. ಅವರ ಬಾಯಿಂದ ಇಷ್ಟು ಚಿಕ್ಕ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಶಾರಿಪಾ ಮತ್ತೆ ಹತ್ತಲು ಒಪ್ಪಲಿಲ್ಲ, ಬೀಗದ ಕೈಯನ್ನು ನನ್ನ ಕಡೆ ಎಸೆದರು. ನಾನು ಹತ್ತಿ, ಹೂವಿನ ಕಾಗದದ ಗೋಡೆಯ ಮುಂದೆ ಕೂತು, ಆ ಹೊಳೆಯುವ ವಾಲ್ವನ್ನು ತಿರುಗುವಷ್ಟೂ ತಿರುಗಿಸಿದೆ. ಕೊಳವೆಯೊಳಗೆ ನೀರು ಧುಮುಕಿದ ಸದ್ದಾಯಿತು. ಇಳಿಯುತ್ತ ಬರುವಾಗ ಮುಚ್ಚಿದ ಬಾಗಿಲುಗಳ ಹಿಂದೆ ಒಂದೊಂದು ಅಂತಸ್ತಿನಲ್ಲೂ ರೇಡಿಯೇಟರುಗಳು ಗೊಳಗೊಳ, ಟಕಟಕ ಅನ್ನುವುದು ಕೇಳಿಸಿತು. ಮೆಟ್ಟಿಲ ಮೇಲೆ ನಾನು ಒಬ್ಬಳೇ ಕುಣಿದೆ.

ನಾನು ಒಳಗೆ ಬಂದಾಗ ಅಗಾ ಕಣ್ಣು ಮುಚ್ಚಿಕೊಂಡಿದ್ದರು. ಅವರ ಬೆನ್ನಿಗೆ ಕಾವು ಏರುತ್ತಿತ್ತು. ಮುಖ ಮೊದಲು ಅರಳಿತು, ಆಮೇಲೆ ಕೆಂಪಾಯಿತು. ಹಿಂದೆ ಸರಿಯಲು ಜಾಗವಿಲ್ಲ, ಮುಂದೆ ತಟ್ಟೆ. ಅವರು ಜಾಕೀಟಿನ ಗುಂಡಿಗೆ ಕೈಹಾಕಿದ್ದೇ ತಡ, ಅಪಾ ಎದ್ದು ನಿಂತಳು.

"ನಿಲುವಂಗಿ ತನ್ನಿ!"

ಆಸ್ಕತ್ ತಂದ. ಒಂಟೆ ಉಣ್ಣೆ ತುಂಬಿದ, ಕಾಲಿನ ತನಕ ಬರುವ ನೀಲಿ ನಿಲುವಂಗಿ. ಅಪಾ ಅದನ್ನು ಅಗಾರ ಹೆಗಲಿಗೆ ಹೊದಿಸಿ, ಕತ್ತಿನ ಬಳಿ ಬಿಗಿಯಾಗಿ ಎಳೆದು, ಮೇಲೆ ನರಿತುಪ್ಪಳದ ಟೋಪಿ ಇಟ್ಟಳು. ಹೊದಿಸಿದ ನಿಲುವಂಗಿಯನ್ನು ಆ ಮನೆಯಲ್ಲೇ ತೆಗೆದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಅಗಾರ ಹಣೆಯಿಂದ ಬೆವರು ಗಡ್ಡಕ್ಕಿಳಿಯಿತು.

"ಚಹಾ ಹಾಕ್ಲಾ ಅಗಾ? ಕುದೀತಾ ಇದೆ," ಎಂದೆ ನಾನು. ನನ್ನ ಮದುವೆಯ ಬಾಕಿ ಆ ಗಳಿಗೆಯಲ್ಲಿ ತೀರಿತು.

"ಸಾಕು, ಸಾಕು! ಎಲ್ಲರೂ ಕೈಯೆತ್ತಿ!" ಎಂದು ಅಗಾ ಅಂಗೈಗಳನ್ನು ಮುಂದೆ ಚಾಚಿದರು. "ಈ ಮನೆ ಬೆಚ್ಚಗಿರ್ಲಿ, ಕೂಸು ಬರ್ಲಿ, ಆಮೀನ್!" ಎಂದು ಮುಖ ಸವರಿಕೊಂಡು ಎದ್ದೇಬಿಟ್ಟರು. ಉಳಿದವರ ಕೈ ಇನ್ನೂ ಗಾಳಿಯಲ್ಲಿತ್ತು. ಅಷ್ಟು ಚುಟುಕಾಗಿ ಅವರು ಯಾವ ಮನೆಯನ್ನೂ ಹರಸಿದವರಲ್ಲ.

ಮಾರನೆಯ ದಿನ ಅಂಗಳದಲ್ಲಿ ನಿಂತು ಅವರು ಹೇಳುತ್ತಿದ್ದ ಕಥೆಯೇ ಬೇರೆ. "ನಾನೇ ಕೂತು, ಬೆನ್ನು ಕೊಟ್ಟು ಪರೀಕ್ಷೆ ಮಾಡಿ ಕಂಡುಹಿಡಿದೆ. ತೆರೆದಿಟ್ರೇ ಕೆಳಗಿನವರಿಗೆ ಬಿಸಿ. ಯಾರಿಗೆ ಹೊಳೆದಿತ್ತು ಹೇಳಿ?" ಅಪಾ ಪಕ್ಕದಲ್ಲೇ ನಿಂತು, "ನಿಮ್ಮನ್ನ ಬಿಟ್ರೆ ಯಾರಿಗೆ ಹೊಳೀಬೇಕು ಅಗಾ," ಎಂದು ತಲೆಯಾಡಿಸಿದಳು. ನಾನು ಬಾಯಿ ತೆರೆಯಲು ಹೋದಾಗ ನನ್ನ ಕಾಲು ತುಳಿದಳು. ಹೊರಗೆ ಉಗುಳಿದರೆ ಹೆಪ್ಪುಗಟ್ಟುವ ಚಳಿಯಲ್ಲೂ ಐದನೆಯ ಅಂತಸ್ತಿನ ಕಿಟಕಿಗಳು ಪೂರ್ತಿ ತೆರೆದಿರುತ್ತಿದ್ದವು, ಶಾರಿಪಾ ಅಲ್ಲಿ ನಿಂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು. ಆದರೂ ಅಗಾ ವಾಲ್ವನ್ನು ಒಂದೆಳೆಯೂ ಮುಚ್ಚಲಿಲ್ಲ. ಅದಕ್ಕೆ ನಾನು ಅವರ ಭಾಷಣಗಳಲ್ಲಿ ಅರ್ಧದಷ್ಟನ್ನು ಕ್ಷಮಿಸಿದ್ದೇನೆ.

ನಲವತ್ತರ ದಿನ ಬೀಗಿತ್ತಿ ರೌಷಾನ್ ಮಗುವನ್ನು ಎತ್ತಿಕೊಂಡು ಬಂದರು. ಮೂರು ಶಾಲು, ಎರಡು ಕಂಬಳಿ, ನಡುವೆಲ್ಲೋ ಮಗು. ಶಾಲು ಬಿಚ್ಚದೆ ನೇರವಾಗಿ ದೊಡ್ಡ ಕೋಣೆಗೆ ನಡೆದು, ಹಿಂಗೈಯನ್ನು ರೇಡಿಯೇಟರಿಗೆ ಒತ್ತಿದರು. "ಹಾ!" ಎಂದು ಕೈ ಕಿತ್ತುಕೊಂಡು, ಸುಟ್ಟ ಬೆರಳನ್ನು ತಣ್ಣಗಿದ್ದ ಕಿವಿಗೆ ಹಿಡಿದರು. ಆಮೇಲೆ ಚಿಕ್ಕ ಕೋಣೆಗೆ ಹೋಗಿ ಅಲ್ಲಿಯೂ ನೋಡಿ ಬಂದರು. ಎರಡೂ ಒಂದೇ ಹದ. ನಡುವಿನ ಮೊಳೆ ಬರಿದಾಗಿತ್ತು. ಬೀಗಿತ್ತಿ ಒಂದೊಂದೇ ಶಾಲು ತೆಗೆದರು. ತೆಗೆದ ಶಾಲುಗಳನ್ನು ಅಪಾ ಒಂದೊಂದಾಗಿ ಅದೇ ಮೊಳೆಗೆ ಹಾಕುತ್ತ, "ಸೆಕೆ ಆಗ್ತಿದ್ರೆ ಹೇಳಿ ಬೀಗಿತ್ತಿ, ನಮ್ಮಲ್ಲಿ ಮುಚ್ಚುಮರೆ ಇಲ್ಲ," ಅಂದಳು.

ಹೆಂಗಸರೆಲ್ಲ ಚಮಚದಿಂದ ನೀರೆರೆದು ಮುಗಿಸಿ, ಮಗುವನ್ನು ಬಟ್ಟೆಯಲ್ಲಿ ಸುತ್ತಿ ತೊಟ್ಟಿಲಿಗೆ ಹಾಕಿದೆವು. ಆಗ ಕಬ್ದೇಶ್ ಅಗಾ ಹರಸಲು ಬಂದರು. ಈ ಸಲ ಬುದ್ಧಿವಂತಿಕೆಯಿಂದ ಒಳಗೆ ಉಣ್ಣೆ, ಹೊರಗೆ ತೆಳು ಅಂಗಿ ಹಾಕಿದ್ದರು, ಯಾವುದಕ್ಕೂ ಇರಲಿ ಎಂದು. ಬಾಗಿಲಿಂದ ಅಭ್ಯಾಸದಂತೆ ತೋರ್ ಕಡೆಗೆ ನಡೆದರು. ಅರ್ಧ ದಾರಿಯಲ್ಲಿ ನಿಂತರು. ತೋರ್‌ನಲ್ಲಿ, ಕಿಟಕಿಯ ಕೆಳಗೆ, ಎಣ್ಣೆ ಹಚ್ಚಿದ ತೊಟ್ಟಿಲು ಇತ್ತು. ಒಳಗೆ ಮಗು ಬಾಯಿ ಅರ್ಧ ತೆರೆದು, ಕೆನ್ನೆ ಕೆಂಪಗೆ ಮಾಡಿಕೊಂಡು ಮಲಗಿತ್ತು.

ಆ ಜಾಗ ಅವರದು. ಅವರನ್ನು ಅಲ್ಲಿಂದ ಏಳಿಸಿದವರು, ಅಲ್ಲಿ ಕೂರಬೇಡಿ ಎಂದವರು ನಮ್ಮ ಮೆಟ್ಟಿಲಿನಲ್ಲಿ ಯಾರೂ ಇಲ್ಲ. ಅಪಾ ಏನೋ ಹೇಳಲು ಹೊರಟಳು.

ಅಗಾ ಕೈಯೆತ್ತಿ ತಡೆದರು. ಬಂದ ದಾರಿಯಲ್ಲೇ ಹಿಂದಕ್ಕೆ ಬಂದು, ಬಾಗಿಲ ಬಳಿ, ನಮ್ಮ ಚಪ್ಪಲಿಗಳ ಪಕ್ಕದಲ್ಲಿ ಕಾಲು ಮಡಿಸಿ ಕೂತರು. ಹೊರಗಿನ ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಅವರ ಕತ್ತಿಗೆ ತಾಗಿರಬೇಕು, ಕಣ್ಣು ಮುಚ್ಚಿ ಆಹಾ ಅಂದರು.

"ಉಮ್ಸಿನ್," ಅಂದರು ಪಿಸುದನಿಯಲ್ಲಿ, ಮಗು ಏಳಬಾರದೆಂದು. "ನಂಗೆ ಇನ್ಮೇಲೆ ಇದೇ ಜಾಗ ಇರ್ಲಿ. ಮನೇಲಿ ಬೆಂದು ಹೋಗಿದೀನಿ ಕಣಮ್ಮಾ."

ಅಪಾ ನಗಲೆಂದು ಬಾಯಿ ತೆರೆದಳು, ಆದರೆ ಅಳು ಬಂತು. ಅಳುತ್ತಲೇ ಹೋಗಿ ಅವರಿಗೆ ದಪ್ಪ ಹಾಸು ತಂದು ಹಾಕಿದಳು.